ಗಣಿ ಮಕ್ಕಳ ವಂಶಾವಳಿ ಬರೆಯೋಣ, ಈಗಲೇ

ಹೆಬ್ಬಾಳದವರಿಗೆ ಕಲ್ಲಿನ ಮೇಲಿನ ಒಂದು ಹೆಸರಿನ ಬೆಲೆ ಗೊತ್ತು. 2018ರಲ್ಲಿ ಇಲ್ಲಿ ಬೆಳಕಿಗೆ ಬಂದ ವೀರಗಲ್ಲು ಕ್ರಿ.ಶ. 750ರ ಆಸುಪಾಸಿನದು. ಗಂಗರ ದೊರೆ ಶ್ರೀಪುರುಷ ಆಳುತ್ತಿದ್ದ ಕಾಲದಲ್ಲಿ ಕಾದಿ ಮಡಿದ ಕಿತ್ತಯ್ಯ ಎಂಬವನ ಹೆಸರು ಅದರ ಮೇಲಿದೆ. ಕಿತ್ತಯ್ಯ ದೊರೆಯಲ್ಲ, ಮಂತ್ರಿಯಲ್ಲ. ಆದರೂ ಆ ಕಲ್ಲು ಕಂಡಾಗ ಶಾಸನ ಬಲ್ಲವರು ಓಡಿ ಬಂದರು, ಅಕ್ಷರಗಳನ್ನು ಓದಿಸಿದರು, ಜನ ಕೈಯಿಂದ ದುಡ್ಡು ಹಾಕಿದರು, ಮಂಟಪ ಎದ್ದಿತು. ಒಬ್ಬ ಸಾಮಾನ್ಯ ಮನುಷ್ಯನ ಸಾವನ್ನು ಹನ್ನೆರಡೂವರೆ ಶತಮಾನಗಳ ಆಚೆಯಿಂದ ಎತ್ತಿ ತಂದು ನೆರಳಿನಲ್ಲಿ ನಿಲ್ಲಿಸಿದ ಊರು ಇದು. ಈ ಊರಿನವಳು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

ಆ ಹೆಮ್ಮೆಯ ಬಲದಿಂದಲೇ ನಿಮ್ಮನ್ನು ಕೇಳುತ್ತಿದ್ದೇನೆ. ಇದೇ ಹೆಬ್ಬಾಳದಲ್ಲಿ, ಕೆಂಪಾಪುರದ ಬಾಡಿಗೆ ಮನೆಗಳಲ್ಲಿ, ಭೂಪಸಂದ್ರದ ಮೂರನೇ ಮಹಡಿಗಳಲ್ಲಿ, ನಾಗವಾರದ ಟೆಕ್ ಪಾರ್ಕಿನ ಗೇಟಿನಲ್ಲಿ ಸಮವಸ್ತ್ರ ತೊಟ್ಟು ನಿಂತಿರುವವರಲ್ಲಿ, ಅದೇ ಪಾರ್ಕಿನ ಒಳಗೆ ಕಂಪ್ಯೂಟರ್ ಮುಂದೆ ಕುಳಿತಿರುವವರಲ್ಲಿ ಕೋಲಾರದ ಚಿನ್ನದ ಗಣಿಯ (ಕೆಜಿಎಫ್) ಮೊಮ್ಮಕ್ಕಳು, ಮರಿಮಕ್ಕಳು ಇದ್ದಾರೆ. ನಾಲ್ಕು ತಲೆಮಾರು, ಕೆಲವು ಮನೆಗಳಲ್ಲಿ ಐದು, ನೆಲದ ಕೆಳಗೆ ದುಡಿದು ಹೋಗಿವೆ. ಆ ತಲೆಮಾರುಗಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ, ಬಹುಪಾಲು ಮನೆಗಳಲ್ಲಿ ಕಾಗದದ ಮೇಲೂ ಇಲ್ಲ. ಇರುವುದು ಎಪ್ಪತ್ತು, ಎಂಬತ್ತು ದಾಟಿದ ಕೆಲವರ ನೆನಪಿನಲ್ಲಿ ಮಾತ್ರ. ಅವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಕೆಜಿಎಫ್ ಗಣಿ ಕುಟುಂಬಗಳ ವಂಶಾವಳಿಯನ್ನು, ಮನೆ ಮನೆಯದನ್ನೂ, ಹೆಣ್ಣು ಗಂಡು ಎನ್ನದೆ, ಬರೆದಿಡಬೇಕು. ಹತ್ತು ವರ್ಷ ಬಿಟ್ಟರೆ ಕೇಳಲು ಯಾರೂ ಉಳಿದಿರುವುದಿಲ್ಲ.

ಆ ಮನೆಗಳ ಕಥೆ ಎಲ್ಲಿಂದ ಶುರುವಾಗುತ್ತದೆ ಎಂದು ಕೇಳಿದರೆ ಹೆಚ್ಚಿನವರು ಗಣಿಯಿಂದ ಎನ್ನುತ್ತಾರೆ. ಅಲ್ಲ, ಬರದಿಂದ. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಮಹಾಕ್ಷಾಮ ಉತ್ತರ ಆರ್ಕಾಟಿನ, ಸೇಲಂನ, ಚಿತ್ತೂರಿನ ಕಡೆಯ ಹಳ್ಳಿಗಳನ್ನು ಖಾಲಿ ಮಾಡಿತ್ತು. ತುಂಡು ನೆಲವೂ ಇಲ್ಲದ, ಊರ ಹೊರಗಿನ ಕೇರಿಯಲ್ಲಿ ಇಟ್ಟಿದ್ದ ಜನ ಗುಳೆ ಹೊರಟರು. ಅದೇ ಹೊತ್ತಿಗೆ ಇತ್ತ ಮೈಸೂರು ಸೀಮೆಯಲ್ಲಿ ಮೈಕೆಲ್ ಲಾವೆಲ್ ಎಂಬ ನಿವೃತ್ತ ಐರಿಷ್ ಸೈನಿಕ 1875ರಲ್ಲಿ ಕೋಲಾರದ ನೆಲ ಅಗೆಯಲು ಪರವಾನಗಿ ಪಡೆದಿದ್ದ. ಅವನಿಂದ ಆಗದ್ದನ್ನು 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಆ್ಯಂಡ್ ಸನ್ಸ್ ಕೈಗೆತ್ತಿಕೊಂಡಿತು. ಕಂಪನಿಗೆ ಕೈಗಳು ಬೇಕಿದ್ದವು, ಹಸಿದ ಕೈಗಳು ಗಡಿಯಾಚೆ ಕಾದಿದ್ದವು. ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದರು. ಹೀಗೆ ಬಂದವರಲ್ಲಿ ಬಹುಪಾಲು ತಮಿಳು ಮಾತಾಡುವ ದಲಿತರು. ತೆಲುಗರೂ ಇದ್ದರು, ಸುತ್ತಮುತ್ತಲಿನ ಕನ್ನಡದವರೂ ಇದ್ದರು. ಅವರಿಗೆ ಸಿಕ್ಕಿದ್ದು ಬಿದಿರು ತಟ್ಟಿಯ ಗೋಡೆಯ ಲೈನು ಮನೆ. ಅಪ್ಪ ಇಳಿದ ಶಾಫ್ಟಿಗೇ ಮಗ ಇಳಿದ, ಮಗನ ಮಗನೂ ಇಳಿದ. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಟೇಲರ್ ಕಂಪನಿ ಬಂದಂದಿನಿಂದ ಲೆಕ್ಕ ಹಾಕಿದರೆ 121 ವರ್ಷ. ಆ ನೆಲದಿಂದ ಹೊರಬಂದ ಚಿನ್ನ ಸುಮಾರು 800 ಟನ್.

ಚಿನ್ನದ ಲೆಕ್ಕ ಔನ್ಸಿನವರೆಗೂ ಉಳಿದಿದೆ. ಇಳಿದವರ ಲೆಕ್ಕ ಉಳಿದಿಲ್ಲ.

ನನ್ನ ಬೀದಿಯಲ್ಲೇ ಮಗಳ ಮನೆಯಲ್ಲಿರುವ ಒಬ್ಬ ಹಿರಿಯರಿದ್ದಾರೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಡ್ರಿಲ್ಲರ್ ಆಗಿದ್ದವರು. ಎರಡು ಮೆಟ್ಟಿಲು ಹತ್ತಿದರೆ ನಿಂತು ದಮ್ಮು ಹಿಡಿದುಕೊಳ್ಳುತ್ತಾರೆ. ಮೊಮ್ಮಗಳಿಗೆ ಯಾವುದೋ ಅರ್ಜಿಯ ಜೊತೆ ವಂಶವೃಕ್ಷ ಬೇಕಾಗಿ, ಒಂದು ಕಚೇರಿಯಿಂದ ನಮೂನೆ ತಂದು ತುಂಬಲು ಕುಳಿತಿದ್ದಳು. ತಾತನ ಹೆಸರು ಬರೆದಳು. ಮುತ್ತಾತನ ಹೆಸರು ಬರೆದಳು. ಅದರ ಮೇಲಿನ ಗೆರೆಗೆ ಬಂದಾಗ ಪೆನ್ನು ನಿಂತಿತು.

"ತಾತಾ, ನಿಮ್ಮ ತಾತನ ಹೆಸರೇನು?"

ಅವರು ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದರು. ಅದರಲ್ಲಿ ಅವರ ಅಪ್ಪನ ಒಂದು ಹಾಳೆಯಿತ್ತು, ಮಡಿಕೆಗಳಲ್ಲಿ ಹರಿದದ್ದು, ಹರಿದಲ್ಲಿ ಅಂಟು ಪಟ್ಟಿ ಹಚ್ಚಿದ್ದು. ಅಪ್ಪನ ಹೆಸರಿನ ಹಿಂದೆ ಇಂಗ್ಲಿಷಿನಲ್ಲಿ ಎಂ ಎಂಬ ಒಂದೇ ಅಕ್ಷರ. ತಮಿಳು ಮನೆಗಳ ಕ್ರಮದಂತೆ ಆ ಅಕ್ಷರವೇ ಅಜ್ಜ. ಮುನಿಯನ್ ಇರಬೇಕು ಎಂದರು ಇವರು. ಊರಲ್ಲಿರುವ ತಮ್ಮನಿಗೆ ಫೋನು ಹಚ್ಚಿದರೆ ಅವರು, ಅಲ್ಲಣ್ಣ, ಮಾರಿಮುತ್ತು, ಅಮ್ಮ ಹಾಗೇ ಹೇಳುತ್ತಿದ್ದಳು ಎಂದರು. ಇಬ್ಬರೂ ಎಪ್ಪತ್ತು ದಾಟಿದವರು. ಇಬ್ಬರಲ್ಲಿ ಯಾರು ಸರಿ ಎಂದು ಹೇಳಬಲ್ಲವರು ಯಾರೂ ಬದುಕಿಲ್ಲ. ಕ್ಷಾಮದ ಊರಿನಿಂದ ಕಾಲ್ನಡಿಗೆಯಲ್ಲಿ ಬಂದು ಒಂದು ವಂಶವನ್ನೇ ಹೊಸ ನೆಲದಲ್ಲಿ ನಿಲ್ಲಿಸಿದ ಮನುಷ್ಯ ಈಗ ಒಂದು ಅಕ್ಷರ. ತಮ್ಮ ಅಪ್ಪನ ಗಣಿ ಟೋಕನ್ ಸಂಖ್ಯೆಯನ್ನು ಮಾತ್ರ ಆ ಹಿರಿಯರು ತಡವರಿಸದೆ ಹೇಳಿದರು. ಕಂಪನಿಗೆ ಬೇಕಿದ್ದದ್ದು ಅದೇ, ಅದಕ್ಕೇ ಅದು ಉಳಿದುಕೊಂಡಿತು.

ಹೆಸರಿನ ವಿಷಯದಲ್ಲಿ ಕಂಪನಿ ಉದಾಸೀನವಾಗಿತ್ತು ಎಂದುಕೊಳ್ಳಬೇಡಿ. ತನಗೆ ಬೇಕಾದ ರೀತಿಯಲ್ಲಿ ಬೇಕಿತ್ತು. 1930ರಲ್ಲಿ ಕಾರ್ಮಿಕರು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಎಂಬ ನಿಯಮ ಬಂದಾಗ ಗಣಿಗಳು ನಿಂತುಹೋದವು. ಕಳ್ಳರ ಹಾಗೆ ನಮ್ಮ ಹೆಬ್ಬೆರಳು ಒತ್ತಿಸಿಕೊಳ್ಳುತ್ತೀರಾ ಎಂದು ಜನ ಎದ್ದು ನಿಂತರು. ಇತಿಹಾಸಕಾರ್ತಿ ಜಾನಕಿ ನಾಯರ್ ಹಳೆಯ ಮೈಸೂರಿನ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ 1998ರಲ್ಲಿ ತಂದ ಪುಸ್ತಕ ಓದಿದರೆ ಆ ಮುಷ್ಕರದ ಹಿಂದಿನ ಸ್ವಾಭಿಮಾನ ಕಾಣುತ್ತದೆ. ಅಕ್ಷರವಿಲ್ಲದವರು, ದನಿಯಿಲ್ಲದವರು ಎಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಸುಳ್ಳು. ತಮಿಳು ದಲಿತ ಚಿಂತಕ ಅಯೋತಿದಾಸರ ಬೌದ್ಧ ಚಳವಳಿ ಕಳೆದ ಶತಮಾನದ ಆರಂಭದಲ್ಲೇ ಮಾರಿಕುಪ್ಪಂ, ಚಾಂಪಿಯನ್ ರೀಫ್‌ನ ಲೈನುಗಳಲ್ಲಿ ಬೇರು ಬಿಟ್ಟಿತ್ತು. 1920ರ ದಶಕದಲ್ಲಿ ಅದೇ ಚಳವಳಿಯ ಜಿ. ಅಪ್ಪಾದುರೈ 'ತಮಿಳನ್' ಪತ್ರಿಕೆಯನ್ನು ಕೆಜಿಎಫ್‌ನಿಂದ ಹೊರಡಿಸುತ್ತಿದ್ದರು. ಪಾಳಿ ಮುಗಿಸಿ ಮೇಲೆ ಬಂದು, ಮೈ ತೊಳೆದುಕೊಂಡು, ಓದಲು, ವಾದಿಸಲು ಕೂರುತ್ತಿದ್ದ ಜನ ಅವರು. ತಮ್ಮ ಕಥೆ ಹೇಳಿಕೊಳ್ಳಲು ಅವರಿಗೆ ಬಾಯಿ ಇತ್ತು. ಕಿವಿಗೊಡಲಿಲ್ಲ ನಾವು.

ಇಲ್ಲಿ ನಮ್ಮದೇ ನಾಡಿನ ಒಂದು ಪದ್ಧತಿಯನ್ನು ನೆನೆಯಬೇಕು. ಹೆಳವರು ನಿಮಗೆ ಗೊತ್ತಿರಬಹುದು. ಎತ್ತಿನ ಮೇಲೆ ಕುಳಿತು, ಸುಗ್ಗಿ ಮುಗಿದ ಹೊತ್ತಿಗೆ ಒಕ್ಕಲು ಮನೆಯ ಅಂಗಳಕ್ಕೆ ಬಂದು, ಆ ಮನೆತನದ ಮೂಲ ಪುರುಷ ಯಾರು, ಎಲ್ಲಿಂದ ಬಂದ, ಯಾರಿಗೆ ಯಾರು ಹುಟ್ಟಿದರು, ಯಾವ ಮಗ ಯಾವ ಊರಿಗೆ ಹೋಗಿ ನೆಲೆಸಿದ ಎಂದು ಒಂದೇ ಉಸಿರಿನಲ್ಲಿ ಹೇಳುವವರು. ಹೊಸದಾಗಿ ಹುಟ್ಟಿದ ಮಗುವಿನ ಹೆಸರನ್ನು ಸೇರಿಸಿಕೊಂಡು, ಕಾಳು, ಬಟ್ಟೆ ಪಡೆದು ಮುಂದಿನ ಊರಿಗೆ ಹೋಗುವವರು. ಜಗತ್ತಿನ ಎಷ್ಟೋ ನಾಡುಗಳಿಗೆ ಇಲ್ಲದ ಸಂಪತ್ತು ಇದು. ಆದರೆ ಹೆಳವರು ಬರುತ್ತಿದ್ದದ್ದು ಕಣವಿದ್ದ ಮನೆಗೆ, ಹಗೇವಿದ್ದ ಮನೆಗೆ. ಚಾಂಪಿಯನ್ ರೀಫ್‌ನ ತಟ್ಟಿ ಮನೆಗಳ ಸಾಲಿಗೆ ಯಾವ ಎತ್ತೂ ಬರಲಿಲ್ಲ.

ಇವತ್ತಿನ ಸರ್ಕಾರಿ ವಂಶವೃಕ್ಷವೂ ಅದೇ ಜಾಡಿನದು. ನಾಡಕಚೇರಿಯಲ್ಲಿ ಅದನ್ನು ಕೇಳುವುದು ಬಹುತೇಕ ಪೌತಿ ಖಾತೆಗೆ, ಪಾಲುಪಾರಿಕತ್ತಿಗೆ. ಪಹಣಿಯಲ್ಲಿ ಹೆಸರಿದ್ದವನ ಅಜ್ಜ, ಮುತ್ತಜ್ಜ ಎಲ್ಲರೂ ದಾಖಲೆಯಲ್ಲಿ ಸಿಕ್ಕುತ್ತಾರೆ, ಏಕೆಂದರೆ ನೆಲ ಅವರನ್ನು ಹಿಡಿದಿಟ್ಟಿದೆ. ನೆಲದ ಮೇಲೆ ಒಂದು ಗುಂಟೆಯೂ ಇಲ್ಲದೆ ನೆಲದ ಕೆಳಗೆ ಮೂರು ಕಿಲೋಮೀಟರ್ ಇಳಿದವನಿಗೆ ಪಹಣಿ ಎಲ್ಲಿಂದ ಬರಬೇಕು? ಆಸ್ತಿ ಇದ್ದವರಿಗೆ ಮಾತ್ರ ವಂಶ ಇರುತ್ತದೆ ಎಂಬ ಈ ಏರ್ಪಾಡನ್ನು ನಾವು ಒಪ್ಪಿಕೊಂಡೇ ಬಂದಿದ್ದೇವೆ. ಇದು ಅನ್ಯಾಯ ಎಂದು ಗಟ್ಟಿಯಾಗಿ ಹೇಳಬೇಕಾದ ಹೊತ್ತು ಬಂದಿದೆ.

ಕಲ್ಲಿದ್ದಲಿನ ನಾಡುಗಳನ್ನು ನೋಡಿ. ವೇಲ್ಸ್‌ನ ಸೆಂಗೆನಿತ್ ಎಂಬ ಪುಟ್ಟ ಊರಿನ ಗಣಿಯಲ್ಲಿ 1913ರ ಅಕ್ಟೋಬರ್ 14ರಂದು ಸ್ಫೋಟವಾಗಿ 439 ಗಣಿಗರು, ಅವರನ್ನು ಉಳಿಸಲು ಹೋದವನೊಬ್ಬ ಸತ್ತರು. ನೂರು ವರ್ಷ ತುಂಬಿದ ದಿನ ಅದೇ ಊರಿನಲ್ಲಿ ರಾಷ್ಟ್ರೀಯ ಗಣಿ ಸ್ಮಾರಕ ತೆರೆದರು. ಸತ್ತವರು ಒಬ್ಬೊಬ್ಬರೂ ಅಲ್ಲಿ ಹೆಸರು ಹಿಡಿದು ನೆನಪಾಗುತ್ತಾರೆ. ಬೆಲ್ಜಿಯಂನ ಮಾರ್ಸಿನೆಲ್‌ನಲ್ಲಿ 1956ರ ಆಗಸ್ಟ್ 8ರಂದು ಬೆಂಕಿ ಬಿದ್ದು ಸತ್ತ 262 ಮಂದಿಯಲ್ಲಿ ಅರ್ಧಕ್ಕೂ ಹೆಚ್ಚು ಜನ ಇಟಲಿಯಿಂದ ಹೊಟ್ಟೆಪಾಡಿಗೆ ಬಂದವರು. ಬೇರೆ ಭಾಷೆಯವರು, ಹೊರಗಿನವರು. ಪ್ರತಿ ವರ್ಷ ಆ ದಿನ ಗಂಟೆ 262 ಬಾರಿ ಬಾರಿಸುತ್ತದೆ. ಅಲ್ಲಿ ಕಲ್ಲಿದ್ದಲು ಕುಟುಂಬದ ಮರಿಮಗಳು ತನ್ನ ಮುತ್ತಜ್ಜ ಯಾವ ಗಣಿಯಲ್ಲಿ, ಯಾವ ಕೆಲಸ ಮಾಡುತ್ತಿದ್ದ ಎಂದು ಹುಡುಕಹೊರಟರೆ ಜನಗಣತಿಯ ಹಾಳೆ, ಚರ್ಚಿನ ದಾಖಲೆ, ಸಂಘದ ಪುಸ್ತಕ ಕೈಗೆ ಸಿಗುತ್ತವೆ.

ಅಷ್ಟು ದೂರವೇಕೆ, ಕೆಜಿಎಫ್‌ಗೇ ಬನ್ನಿ. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗರು ಇಲ್ಲಿ ಮೇಲ್ವಿಚಾರಕರಾಗಿದ್ದರು. ಅವರ ವಂಶಸ್ಥರಿಗಾಗಿ ಬ್ರಿಟನ್ನಿನಲ್ಲಿ ಭಾರತದ ಬಿಳಿಯರ ಸಮಾಧಿಗಳನ್ನೂ ಕುಟುಂಬ ದಾಖಲೆಗಳನ್ನೂ ಕಾಯುವ ಸಂಘಗಳೇ ಇವೆ. ತಪ್ಪೇನಿಲ್ಲ, ಅವರೂ ಗಣಿಗರೇ, ಅವರೂ ಇಲ್ಲೇ ಸತ್ತರು. ಆದರೆ ಒಂದೇ ಕೇಜಿನಲ್ಲಿ ಇಳಿದ ಇಬ್ಬರಲ್ಲಿ ಒಬ್ಬನ ಮರಿಮೊಮ್ಮಗ ಐದು ಸಾವಿರ ಮೈಲಿ ಆಚೆಯಿಂದ ತನ್ನ ಹಿರಿಯನನ್ನು ಕಂಡುಕೊಳ್ಳಬಲ್ಲ, ಇನ್ನೊಬ್ಬನ ಮರಿಮೊಮ್ಮಗಳು ನೂರು ಕಿಲೋಮೀಟರ್ ದೂರದ ಹೆಬ್ಬಾಳದಲ್ಲಿ ಕುಳಿತು ಒಂದು ಅಕ್ಷರದ ಮುಂದೆ ಕಣ್ಣೀರು ಹಾಕುತ್ತಾಳೆ ಎಂದರೆ ನಾಚಿಕೆಪಡಬೇಕಾದವರು ನಾವು. ಶಾಫ್ಟುಗಳಿಗೆ ಗಿಫರ್ಡ್, ಎಡ್ಗರ್, ಹೆನ್ರಿ ಎಂದು ಹೆಸರು. ಪೇಟೆಗಳಿಗೆ ರಾಬರ್ಟ್‌ಸನ್, ಆಂಡರ್ಸನ್ ಎಂದು ಹೆಸರು. ಬೆಂಗಳೂರಿನ ನಡುಮಧ್ಯೆ ಲಾವೆಲ್ ರಸ್ತೆ ಇದೆ. ಅಗೆದವನ ಹೆಸರಿನ ಒಂದು ಓಣಿಯನ್ನಾದರೂ ನೀವು ಕಂಡಿದ್ದೀರಾ?

ಈಗ ದಮ್ಮಿನ ಮಾತು. ಅದನ್ನು ಬಿಟ್ಟು ಗಣಿ ಮನೆಯ ವಂಶಾವಳಿ ಬರೆಯಲಾಗದು. ಬಂಡೆ ಕೊರೆದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದ ಒಳಗೆ ಕುಳಿತು ಗಾಯ ಮಾಡುತ್ತದೆ, ಗಾಯ ಒಣಗಿ ಗಟ್ಟಿಯಾಗುತ್ತದೆ, ಉಸಿರಿಗೆ ಜಾಗ ಕಡಿಮೆಯಾಗುತ್ತಾ ಹೋಗುತ್ತದೆ. ಸಿಲಿಕೋಸಿಸ್. ಒಮ್ಮೆ ಬಂದರೆ ವಾಸಿಯಾಗದು, ಕೆಲಸ ಬಿಟ್ಟ ಮೇಲೂ ಬೆಳೆಯುತ್ತದೆ, ಕ್ಷಯಕ್ಕೂ ದಾರಿ ಮಾಡುತ್ತದೆ. 1940ರ ದಶಕದಲ್ಲಿ ಕೆಜಿಎಫ್‌ನ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 43.7 ಮಂದಿಯಲ್ಲಿ ಈ ರೋಗ ಕಂಡಿತ್ತು. ಭಾರತದ ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಪಠ್ಯದಲ್ಲಿ ಈ ಅಂಕಿಯನ್ನು ಓದುತ್ತಾರೆ. ಆ 43.7ರಲ್ಲಿ ಯಾರ ಅಜ್ಜ ಇದ್ದ? ಮನೆಗಳಲ್ಲಿ ಕೇಳಿದರೆ, ಟಿಬಿ ಬಂದು ಹೋದರು ಎನ್ನುತ್ತಾರೆ. ಎದೆ ಕಟ್ಟಿತ್ತು ಎನ್ನುತ್ತಾರೆ. ಬೀಡಿ ಹೆಚ್ಚಾಗಿತ್ತು ಎಂದು ಸತ್ತವನ ಮೇಲೇ ಹೊರೆ ಹಾಕುತ್ತಾರೆ. ಒಂದು ಮನೆಯ ಸಾವನ್ನು ಒಂಟಿಯಾಗಿ ನೋಡಿದರೆ ಹಣೆಬರಹ ಎನಿಸುತ್ತದೆ. ನಾಲ್ಕು ತಲೆಮಾರಿನ ಗಂಡಸರ ವಯಸ್ಸನ್ನು ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ ಅವರ ಕೆಲಸ ಬರೆದು, ಅಂಥ ನೂರು ಮನೆಗಳ ಹಾಳೆಗಳನ್ನು ಒಟ್ಟಿಗೆ ಹರಡಿ ನೋಡಿದರೆ ಆಗ ಅದು ಹಣೆಬರಹವಾಗಿ ಉಳಿಯುವುದಿಲ್ಲ. ವಂಶಾವಳಿ ಬರೆಯುವುದು ಹಳೆಯ ಕಥೆಯ ಖುಷಿಗೆ ಅಲ್ಲ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಅದು ಸಾಕ್ಷಿ.

ಆಳಕ್ಕೆ ಹೋದಷ್ಟೂ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು. ಮೇಲಿನ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಊರಿನ ಮನೆಗಳ ಪಾತ್ರೆಗಳು ಗಲಗಲ ಎಂದಾಗ ಹೆಂಗಸರು ಶಾಫ್ಟಿನ ಕಡೆ ಓಡುತ್ತಿದ್ದರು. 1962ರ ಡಿಸೆಂಬರಿನಲ್ಲಿ ಚಾಂಪಿಯನ್ ರೀಫ್‌ನ ಗ್ಲೆನ್ ಭಾಗದಲ್ಲಿ ಆದ ಸಿಡಿತ ಬಂಡೆಗಳ ವಿಜ್ಞಾನದಲ್ಲಿ ಇಂದಿಗೂ ಚರ್ಚೆಯಾಗುತ್ತದೆ. ಆ ಸಿಡಿತಗಳ ಅಧ್ಯಯನವೇ ಬೆಳೆದು 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲಿ ಹುಟ್ಟಿತು. ಅದೇ ಆಳದಲ್ಲಿ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಹಿಡಿದರು. ಯಾವುದಕ್ಕೂ ಸಿಕ್ಕದೆ ಭೂಮಿಯನ್ನೇ ತೂರಿಹೋಗುವ ಕಣವನ್ನು ಈ ನೆಲದಲ್ಲಿ ಗುರುತಿಸಿ ದಿನಾಂಕ, ಗಂಟೆ ಸಮೇತ ಬರೆದಿಟ್ಟರು. ಅದು ಭಾರತೀಯ ವಿಜ್ಞಾನದ ದೊಡ್ಡ ಸಾಧನೆ, ನನಗೆ ಅದರ ಬಗ್ಗೆ ಗೌರವವಿದೆ. ಆ ಉಪಕರಣಗಳನ್ನು ಹೊತ್ತು ಇಳಿಸಿದವರ, ಕೇಜು ಓಡಿಸಿದವರ ಹೆಸರನ್ನೂ ಇನ್ನೊಂದು ಹಾಳೆಯಲ್ಲಿ ಬರೆದುಕೊಳ್ಳಬಹುದಿತ್ತಲ್ಲವೆ?

ಬೆಂಗಳೂರಿಗೆ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ನನ್ನನ್ನು ಕೇಳಿದ್ದಾರೆ ಕೂಡ. ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದದ್ದು ಮೊದಲು ಈ ಗಣಿಗಳಿಗಾಗಿ. 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ಕರೆಂಟು ಒಯ್ದರು. ಬೆಂಗಳೂರಿಗೆ ಬೆಳಕು ಬಂದದ್ದು ಮೂರು ವರ್ಷಗಳ ನಂತರ, 1905ರ ಆಗಸ್ಟ್‌ನಲ್ಲಿ. ಗಣಿಯ ರಾಯಧನ ದಶಕಗಟ್ಟಲೆ ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಬಂತು. ಆ ಬೊಕ್ಕಸದಿಂದ ಎದ್ದ ಕಟ್ಟಡಗಳಲ್ಲಿ ನಮ್ಮ ಅಪ್ಪಂದಿರು ಓದಿದರು, ನಾವು ಓದಿದೆವು. ಗಣಿ ಮುಚ್ಚಿದ ಮೇಲೆ? ಮಾರಿಕುಪ್ಪಂನಿಂದ ನಸುಕಿನಲ್ಲಿ ಹೊರಡುವ ರೈಲುಗಳು ಅದೇ ಕುಟುಂಬಗಳ ಮಕ್ಕಳನ್ನು ಬಂಗಾರಪೇಟೆ ಮೇಲಾಗಿ ದಿನವೂ ಬೆಂಗಳೂರಿಗೆ ತಂದು ಸುರಿಯುತ್ತಿವೆ. ಅಜ್ಜ ಈ ನಗರಕ್ಕಾಗಿ ಕೆಳಗೆ ಇಳಿದ, ಮೊಮ್ಮಗ ಈ ನಗರದ ಫ್ಲೈಓವರ್ ಕೆಳಗೆ ಬಸ್ಸು ಕಾಯುತ್ತಾನೆ. ಇಷ್ಟು ಋಣ ಸಾಲದೆ?

ಅವರು ತಮಿಳರು, ಅವರ ಚರಿತ್ರೆ ತಮಿಳಿನವರು ಬರೆದುಕೊಳ್ಳಲಿ ಎಂಬ ಮಾತನ್ನೂ ಕೇಳಿದ್ದೇನೆ. ಈ ಮಾತು ನನ್ನ ಎದೆಗೆ ನಾಟಿದೆ. ನಾಲ್ಕು ತಲೆಮಾರು ಈ ನೆಲದಲ್ಲಿ ಹುಟ್ಟಿ, ಇದರ ಒಳಗೇ ಮಣ್ಣಾದವರು ಕರ್ನಾಟಕದವರಲ್ಲದೆ ಮತ್ತೆಲ್ಲಿಯವರು? ಸಿನಿಮಾದ ಕೆಜಿಎಫ್ 2018ರಲ್ಲಿ ದೇಶವನ್ನೇ ಕುಣಿಸಿತು, ಆ ಹೆಸರನ್ನು ಕನ್ನಡದ ಹೆಮ್ಮೆ ಎಂದು ನಾವು ತೋಳು ತಟ್ಟಿಕೊಂಡೆವು. ಹೆಸರು ನಮ್ಮದಾದರೆ ಆ ಊರಿನ ಜನವೂ ನಮ್ಮವರೇ ಆಗಬೇಕು. ಚಿನ್ನ ನಮ್ಮದು, ಕೆಮ್ಮು ಅವರದು ಎನ್ನುವ ಹಾಗಿಲ್ಲ. ಮುತ್ತಜ್ಜನ ಊರು ಗುಡಿಯಾತ್ತಮ್ಮೇ ಇರಲಿ, ಪಲಮನೇರೇ ಇರಲಿ, ಆ ಕಥೆಯನ್ನು ಕನ್ನಡದಲ್ಲಿ ಬರೆದುಕೊಳ್ಳುವುದು ಕನ್ನಡದ ಕೆಲಸ. ಅವರ ಮನೆಮಾತಿನಲ್ಲಿ ಹೇಳಲಿ, ನಾವು ಎರಡೂ ಭಾಷೆಯಲ್ಲಿ ಬರೆದಿಡೋಣ.

ತಡ ಮಾಡಲು ಇನ್ನು ಸಮಯವಿಲ್ಲ. ಕೆಜಿಎಫ್‌ನ ಸುತ್ತ ನಿಂತಿರುವ ಸೈನೈಡ್ ಗುಡ್ಡಗಳನ್ನು, ಅಂದರೆ ಚಿನ್ನ ತೆಗೆದ ಮೇಲೆ ಸುರಿದ ಪುಡಿಯ ರಾಶಿಗಳನ್ನು, ಮತ್ತೆ ಸಂಸ್ಕರಿಸಿ ಉಳಿದ ಚಿನ್ನ ತೆಗೆಯುವ ಪ್ರಸ್ತಾಪಕ್ಕೆ 2024ರಲ್ಲಿ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿದೆ. 13 ಗುಡ್ಡಗಳು, ಸಾವಿರಕ್ಕೂ ಹೆಚ್ಚು ಎಕರೆ. ಬೇಸಿಗೆಯಲ್ಲಿ ಆ ದೂಳು ಮನೆಯೊಳಗಿನ ತಟ್ಟೆಯ ಮೇಲೆ ಕೂರುವುದನ್ನು ಕಂಡವರಿಗೆ ಗುಡ್ಡ ಹೋಗಲಿ ಅನಿಸಬಹುದು. ಊರಿಗೆ ಕೆಲಸ ಬರುವುದಾದರೆ ನನಗೂ ಸಂತೋಷವೇ. ಆದರೆ ಆ ರಾಶಿಯ ಹಿಡಿ ಹಿಡಿ ಪುಡಿಯೂ ಯಾರದೋ ಪಾಳಿಯಲ್ಲಿ ಮೇಲೆ ಬಂದದ್ದು. ಅಳಿದುಳಿದ ಚಿನ್ನವನ್ನು ಗ್ರಾಮಿನವರೆಗೆ ಹುಡುಕಲು ಯೋಜನೆ ಇದೆ. ಅಳಿದುಳಿದ ನೆನಪನ್ನು ಹುಡುಕಲು ಯಾವ ಯೋಜನೆ ಇದೆ? ಆ ಚಿನ್ನದ ಕೆಲಸಕ್ಕೆ ಖರ್ಚಾಗುವ ಹಣದಲ್ಲಿ ನೂರಕ್ಕೆ ಒಂದು ಪಾಲು ಸಾಕು, ಪ್ರತಿ ಲೈನಿಗೂ ಬರೆಯುವವರನ್ನು ಕಳಿಸಬಹುದು.

ಆದ್ದರಿಂದ ಕೇಳುತ್ತೇನೆ, ಹೆಸರು ಹಿಡಿದೇ ಕೇಳುತ್ತೇನೆ. ಮುಚ್ಚುವವರೆಗೆ ಗಣಿ ನಡೆಸಿದ ಭಾರತ್ ಗೋಲ್ಡ್ ಮೈನ್ಸ್ ಬಿಟ್ಟುಹೋದ ಸೇವಾ ಪುಸ್ತಕ, ಹಾಜರಿ, ಅಪಘಾತ, ಆಸ್ಪತ್ರೆಯ ಕಡತಗಳಲ್ಲಿ ಉಳಿದಿರುವುದೆಲ್ಲವನ್ನೂ ಕೇಂದ್ರ ಸರ್ಕಾರ ಕಾಪಾಡಿ, ವಂಶಸ್ಥರಿಗೆ ತೆರೆಯಬೇಕು. ರಾಜ್ಯ ಪತ್ರಾಗಾರ ಇಲಾಖೆ ಹಳೆಯ ಮೈಸೂರಿನ ಗಣಿ ಇಲಾಖೆಯ ವಾರ್ಷಿಕ ವರದಿಗಳನ್ನು ಅಂತರ್ಜಾಲಕ್ಕೆ ಏರಿಸಬೇಕು, ಮನೆಯಲ್ಲೇ ಕುಳಿತು ಹುಡುಕುವಂತೆ. ಕೋಲಾರದಲ್ಲೇ ಇರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ತನ್ನ ಇತಿಹಾಸ, ಸಮಾಜಶಾಸ್ತ್ರದ ಮಕ್ಕಳನ್ನು ಪರೀಕ್ಷೆಯ ಅಂಕ ಕೊಟ್ಟೇ ಈ ಕೆಲಸಕ್ಕೆ ಇಳಿಸಬೇಕು. ಕಾರ್ಮಿಕ ಸಂಘಗಳು, ಚರ್ಚುಗಳು, ಬೌದ್ಧ ಸಂಘಗಳು, ಮಾರಿಯಮ್ಮನ ಗುಡಿಯ ಸಮಿತಿಗಳು ತಮ್ಮ ಬೀರುಗಳನ್ನು ತೆರೆಯಬೇಕು. ಜ್ಞಾನಸ್ನಾನದ ಪುಸ್ತಕದಲ್ಲಿ, ಚಂದಾ ಪಟ್ಟಿಯಲ್ಲಿ, ಜಾತ್ರೆಯ ವಂತಿಗೆ ಲೆಕ್ಕದಲ್ಲಿ ಎಷ್ಟು ಅಜ್ಜಂದಿರು ಕುಳಿತಿದ್ದಾರೋ ಯಾರು ಬಲ್ಲರು.

ಸರ್ಕಾರ ಬರುವವರೆಗೆ ಕಾಯಬೇಡಿ. ಕಿತ್ತಯ್ಯನ ಕಲ್ಲಿಗೆ ಸರ್ಕಾರ ಕಾದಿದ್ದರೆ ಅದು ಇಷ್ಟರಲ್ಲಿ ಯಾವುದೋ ಚರಂಡಿಯ ಚಪ್ಪಡಿಯಾಗಿರುತ್ತಿತ್ತು.

ಗಣಿ ಮನೆಯ ಹುಡುಗ ಹುಡುಗಿಯರೇ, ಈ ಭಾನುವಾರ ಊರಿಗೆ ಹೋಗಿ. ಮನೆಯಲ್ಲಿ ಅಜ್ಜಿ ಇದ್ದರೆ ಮೊದಲು ಅಜ್ಜಿಯನ್ನೇ ಕೇಳಿ. ಗಂಡಸರಿಗೆ ಶಾಫ್ಟು, ಲೆವೆಲ್ಲು, ಪಾಳಿ ನೆನಪಿರುತ್ತದೆ. ಯಾರು ಯಾರಿಗೆ ಹುಟ್ಟಿದರು, ಯಾವ ಮಗು ಹಾಲು ಕುಡಿಯುತ್ತಿದ್ದಾಗ ಹೋಯಿತು, ಯಾವ ವರ್ಷ ಯಾರ ಉಸಿರು ಕಟ್ಟಿತು ಎನ್ನುವುದು ಹೆಂಗಸರಿಗೆ ನೆನಪಿರುತ್ತದೆ. ಮೇಲೆ ಅದಿರು ಆರಿಸಿದ ಹೆಂಗಸರಿದ್ದರು, ಗಂಡ ಸತ್ತ ಮೇಲೆ ಇಡ್ಲಿ ಮಾರಿ ನಾಲ್ಕು ಮಕ್ಕಳನ್ನು ಸಾಕಿದವರಿದ್ದರು. ಅವರ ತವರೂರು ಕೇಳಿ, ಅವರ ಅಮ್ಮನ ಹೆಸರು ಕೇಳಿ, ಏಕೆಂದರೆ ಹೆಸರಿನ ಹಿಂದಿನ ಆ ಒಂದಕ್ಷರದ ಜಾಗವೂ ಅವರಿಗೆ ಸಿಕ್ಕಿಲ್ಲ. ಫೋನಿನಲ್ಲಿ ಅವರ ದನಿ ಹಿಡಿದಿಡಿ. ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ ಬರೆಯಿರಿ, ಯಾರು ಯಾವುದನ್ನು ಹೇಳಿದರು ಎಂದೂ ಬರೆಯಿರಿ. ಹಳೆಯ ಎಕ್ಸ್‌ರೇ ಇದ್ದರೆ ಎಸೆಯಬೇಡಿ, ಟೋಕನ್ನು ಗುಜರಿಗೆ ಹಾಕಬೇಡಿ. ಹಾಳೆಗಳ ಫೋಟೊ ತೆಗೆದು ಎರಡು ಕಡೆ ಇಡಿ.

ಹೆಬ್ಬಾಳದ ನೆರೆಹೊರೆಯವರೇ, ನಿಮ್ಮ ಪಕ್ಕದ ಮನೆಯಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ನಿಮ್ಮ ಆಫೀಸಿನ ಪಕ್ಕದ ಮೇಜಿನಲ್ಲಿ ಕೆಜಿಎಫ್‌ನವರು ಇದ್ದೇ ಇರುತ್ತಾರೆ. ನಿಮ್ಮ ತಾತ ಯಾವ ಶಾಫ್ಟಿನಲ್ಲಿದ್ದರು ಎಂದು ಕೇಳಿ ನೋಡಿ. ಬರೆಯಲು ಬಿಡುವಿಲ್ಲ ಎಂದರೆ ನೀವು ಬರೆದುಕೊಡಿ, ಅಜ್ಜನ ಮಾತು ತಮಿಳಿನಲ್ಲಿದ್ದರೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನನ್ನ ಬೀದಿಯಲ್ಲಿ ನಾವು ಶುರು ಮಾಡಿದ್ದೇವೆ. ಮುನಿಯನ್ ಅಥವಾ ಮಾರಿಮುತ್ತು ಎಂದೇ ಆ ಮನೆಯ ಮೊದಲ ಸಾಲು ಬರೆದಿದ್ದೇವೆ. ಆ ಹುಡುಗಿ ಈಗ ಊರಿನ ಸಂಘದ ಹಳೆಯ ಚಂದಾ ಪುಸ್ತಕಗಳನ್ನು ಹುಡುಕುತ್ತಿದ್ದಾಳೆ. ಅವಳ ಜೊತೆ ಕೂರಲು ಹಳೆಯ ತಮಿಳು ಕೈಬರಹ ಓದಬಲ್ಲವರು ಬೇಕಾಗಿದ್ದಾರೆ.